ಜೊನಾಥನ್ ಹಾರ್ವೆ: ಘಂಟಾನಾದದಿಂದ ವಚನದವರೆಗೆ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಬ್ರಿಟಿಷ್ ಸಂಗೀತದ ಚರಿತ್ರೆಯಲ್ಲಿ ಜೊನಾಥನ್ ಹಾರ್ವೆ (1939–2012) ಅವರದು ವಿಶಿಷ್ಟ ಸ್ಥಾನ. ಗಣಕಯಂತ್ರದ ನೆರವಿನಿಂದ ನಾದವನ್ನು ಬಿಡಿಸಿ ನೋಡುವ ಮತ್ತು ಬಿಡಿಸಿದ್ದನ್ನು ಹೊಸದಾಗಿ ಕಟ್ಟುವ ವಿದ್ಯೆಯಲ್ಲಿ ಅವರು ಯುರೋಪಿನ ಅಗ್ರಪಂಕ್ತಿಯವರು. ಅದೇ ಕೈ ಇಂಗ್ಲೆಂಡಿನ ಕ್ಯಾಥೆಡ್ರಲ್‌ಗಳಲ್ಲಿ ಬಾಲಗಾಯಕರು ಹಾಡುವ ಪ್ರಾರ್ಥನಾಗೀತೆಗಳನ್ನೂ ಬರೆಯಿತು. ಪ್ರಯೋಗಾಲಯ ಮತ್ತು ಪ್ರಾರ್ಥನಾಲಯಗಳೆರಡರಲ್ಲೂ ಸಮಾನವಾದ ಸಲುಗೆಯಿದ್ದ ರಚನಕಾರರು ಆ ತಲೆಮಾರಿನಲ್ಲಿ ವಿರಳ. ಕನ್ನಡಿಗರು ಅವರನ್ನು ಗಮನಿಸಲು ಮತ್ತೊಂದು ಕಾರಣವೂ ಇದೆ. 1999ರಲ್ಲಿ ಹಾರ್ವೆ ಅವರು ಸೊಪ್ರಾನೊ ಕಂಠ ಮತ್ತು ಆರ್ಕೆಸ್ಟ್ರಾಕ್ಕಾಗಿ ರಚಿಸಿದ 'ವೈಟ್ ಆ್ಯಸ್ ಜಾಸ್ಮಿನ್' ಎಂಬ ಕೃತಿಯ ಸಾಹಿತ್ಯ ಅಕ್ಕಮಹಾದೇವಿಯದು. ಹನ್ನೆರಡನೆಯ ಶತಮಾನದ ಉಡುತಡಿಯ ಶರಣೆಯ ಮಾತು ಸಸೆಕ್ಸಿನ ಒಬ್ಬ ಆಧುನಿಕ ರಚನಕಾರನ ಮೇಜಿಗೆ ಹೇಗೆ ತಲುಪಿತು, ತಲುಪುವಾಗ ಏನನ್ನು ಉಳಿಸಿಕೊಂಡಿತು, ಏನನ್ನು ಬಿಟ್ಟುಕೊಟ್ಟಿತು ಎಂಬ ಪ್ರಶ್ನೆಗೆ ಉತ್ತರ ಆ ಒಂದು ಕೃತಿಯಲ್ಲಿ ಮಾತ್ರ ದೊರೆಯುವುದಿಲ್ಲ. ಧ್ವನಿಯನ್ನು, ಅದರಲ್ಲೂ ಮನುಷ್ಯಕಂಠದ ಸ್ವರಾಕ್ಷರವನ್ನು, ಹಾರ್ವೆ ಅವರು ಜೀವನಪೂರ್ತಿ ಹೇಗೆ ಕೇಳಿಸಿಕೊಂಡರು ಎಂಬುದನ್ನು ಮೊದಲು ಅರಿಯಬೇಕಾಗುತ್ತದೆ.

ಇಲ್ಲಿ ಪರಿಭಾಷೆಯ ಬಗ್ಗೆ ಒಂದು ಮಾತು ಅವಶ್ಯ. 'ಕಂಪೋಸರ್' ಎಂಬುದಕ್ಕೆ ಕನ್ನಡದಲ್ಲಿ ವಾಗ್ಗೇಯಕಾರ ಎಂದು ಬಳಸುವ ರೂಢಿಯುಂಟಾದರೂ ಅದು ಇಲ್ಲಿ ಸಲ್ಲದು. ವಾಗ್ಗೇಯಕಾರನು ಮಾತು ಮತ್ತು ಧಾತು ಎರಡನ್ನೂ ತಾನೇ ರಚಿಸುವವನು. ಬಹುಮಟ್ಟಿಗೆ ತಾನೇ ಹಾಡುವವನು. ಪಾಶ್ಚಾತ್ಯ ಪದ್ಧತಿಯ ರಚನಕಾರನಾದರೋ ಪ್ರತಿಯೊಂದು ವಾದ್ಯದ ಪ್ರತಿಯೊಂದು ಸ್ವರವನ್ನೂ ಲಿಪಿಯಲ್ಲಿ ಬರೆದು ಅನ್ಯರ ಕೈಗೆ ಒಪ್ಪಿಸುವವನು. ಮನೋಧರ್ಮಕ್ಕೆ ಅಲ್ಲಿ ಇರುವ ಅವಕಾಶ ಬರೆಯುವ ಮೇಜಿನ ಮೇಲೆಯೇ ಹೊರತು ವೇದಿಕೆಯ ಮೇಲಲ್ಲ. ಆದ್ದರಿಂದ ಈ ಲೇಖನದಲ್ಲಿ ರಚನಕಾರ ಎಂಬ ಸರಳ ಶಬ್ದವನ್ನೇ ಇರಿಸಿಕೊಳ್ಳಲಾಗಿದೆ.

ಹಾರ್ವೆ ಅವರು 1939ರ ಮೇ 3ರಂದು ಇಂಗ್ಲೆಂಡಿನ ವಾರಿಕ್‌ಷೈರ್ ಪ್ರಾಂತದ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ ಜನಿಸಿದರು. ಅವರ ಸಂಗೀತಸಂಸ್ಕಾರದ ಮೂಲ ಟೆನ್‌ಬರಿಯ ಸೇಂಟ್ ಮೈಕೇಲ್ಸ್ ಕಾಲೇಜು. 1856ರಲ್ಲಿ ಫ್ರೆಡರಿಕ್ ಊಸ್ಲಿ ಎಂಬ ಪಾದ್ರಿ-ಸಂಗೀತಗಾರ ಸ್ಥಾಪಿಸಿದ ಈ ವಸತಿಶಾಲೆಯಲ್ಲಿ ಚರ್ಚಿನ ಗಾಯನವೇ ದಿನಚರಿಯ ಕೇಂದ್ರವಾಗಿತ್ತು. 1948ರಿಂದ 1952ರವರೆಗೆ ಬಾಲಗಾಯಕನಾಗಿ ಅಲ್ಲಿದ್ದ ಹುಡುಗ ಶತಮಾನಗಳಷ್ಟು ಹಳೆಯ ಆಂಗ್ಲಿಕನ್ ಗೀತೆಗಳನ್ನು ಕಲ್ಲಿನ ಕಮಾನುಗಳ ಕೆಳಗೆ ನಿಂತು ಹಾಡಿದ. ತಾನು ಹಾಡಿದ ಸ್ವರ ನಿಂತ ಮೇಲೂ ಗೋಡೆಗಳ ನಡುವೆ ಸುಳಿಯುತ್ತಿರುವುದನ್ನು ಒಂಬತ್ತು ಹತ್ತರ ವಯಸ್ಸಿನಲ್ಲಿ ನಿತ್ಯವೂ ಕೇಳಿದವನಿಗೆ, ನಾದವೆಂಬುದು ವಾದ್ಯದಿಂದ ಬಿಡುಗಡೆಗೊಂಡು ಅವಕಾಶದಲ್ಲಿ ಬದುಕುವ ವಸ್ತುವೆಂಬ ಅನುಭವ ಪಾಠವಿಲ್ಲದೆಯೇ ದಕ್ಕಿರಬೇಕು. ಮುಂದೆ ಧ್ವನಿವರ್ಧಕಗಳನ್ನು ಸಭಾಂಗಣದ ಸುತ್ತ ಇರಿಸಿ ಅವರು ಮಾಡಿದ ಪ್ರಯೋಗಗಳ ಬೀಜ ಇಲ್ಲಿದೆ ಎನ್ನುವುದು ಅತಿಶಯೋಕ್ತಿಯಲ್ಲ.

ರೆಪ್ಟನ್ ಶಾಲೆಯ ತರುವಾಯ 1957ರಲ್ಲಿ ಹಾರ್ವೆ ಕೇಂಬ್ರಿಜಿನ ಸೇಂಟ್ ಜಾನ್ಸ್ ಕಾಲೇಜನ್ನು ಸಂಗೀತದ ವಿದ್ಯಾರ್ಥಿವೇತನದೊಂದಿಗೆ ಸೇರಿದರು. ಬೆಂಜಮಿನ್ ಬ್ರಿಟನ್ ಅವರ ಸಲಹೆಯಂತೆ ಮೊದಲು ಎರ್ವಿನ್ ಸ್ಟೈನ್, ನಂತರ ಹ್ಯಾನ್ಸ್ ಕೆಲ್ಲರ್ ಅವರಲ್ಲಿ ಖಾಸಗಿಯಾಗಿ ಅಭ್ಯಾಸ ಮಾಡಿದರು. ಇಬ್ಬರೂ ವಿಯೆನ್ನಾದಿಂದ ಇಂಗ್ಲೆಂಡಿಗೆ ಬಂದು ನೆಲೆಸಿದವರು. ಸ್ಟೈನ್ ಅವರಂತೂ ಷೋನ್‌ಬರ್ಗರ ನೇರ ಶಿಷ್ಯರು. ಕೆಲ್ಲರ್ ಅವರು ಒಂದು ಕೃತಿಯನ್ನು ವಿಶ್ಲೇಷಿಸಲು ಮಾತುಗಳ ಬದಲು ಸ್ವರಗಳನ್ನೇ ಬಳಸುವ ವಿಲಕ್ಷಣ ವಿಧಾನವೊಂದನ್ನು ರೂಪಿಸಿದ್ದ ವಿಮರ್ಶಕರು. ಚರ್ಚಿನ ಹುಡುಗನಿಗೆ ಹನ್ನೆರಡು ಸ್ವರಗಳನ್ನು ಸಮಾನವೆಂದು ಎಣಿಸುವ ವಿಯೆನ್ನಾದ ಕಠಿಣ ತರ್ಕ ಹೀಗೆ ಪರಿಚಯವಾಯಿತು. ಅನಂತರ ಗ್ಲಾಸ್ಗೊ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪದವಿಗಾಗಿ ಕೆಲಸ ಮಾಡುತ್ತಲೇ ಬಿಬಿಸಿ ಸ್ಕಾಟಿಷ್ ಆರ್ಕೆಸ್ಟ್ರಾದಲ್ಲಿ ಚೆಲ್ಲೊ ನುಡಿಸಿದರು. 1964ರಿಂದ 1977ರವರೆಗೆ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದರು.

ಸೌತಾಂಪ್ಟನ್‌ನ ವರ್ಷಗಳು ಅವರ ಹುಡುಕಾಟದ ಕಾಲ. 1969–70ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿದ್ದಾಗ ಮಿಲ್ಟನ್ ಬ್ಯಾಬಿಟ್ ಅವರ ಸಂಪರ್ಕದಿಂದ ವಿದ್ಯುನ್ಮಾನ ಸಂಗೀತದ ಗಣಿತೀಯ ಮುಖ ತೆರೆದುಕೊಂಡಿತು. ಜರ್ಮನ್ ರಚನಕಾರ ಕಾರ್ಲ್‌ಹೈನ್ಸ್ ಸ್ಟಾಕ್‌ಹೌಸೆನ್ ಅವರ ಪ್ರಭಾವ ಇನ್ನೂ ಆಳವಾದದ್ದು. ಅವರ ಸಂಗೀತವನ್ನು ಕುರಿತು ಹಾರ್ವೆ ಬರೆದ ಗ್ರಂಥ 1975ರಲ್ಲಿ ಪ್ರಕಟವಾಯಿತು. ಇದೇ ಅವಧಿಯಲ್ಲಿ ರೂಡಾಲ್ಫ್ ಸ್ಟೈನರ್ ಅವರ ಅಧ್ಯಾತ್ಮ ಬರಹಗಳು ಮತ್ತು ಭಾವಾತೀತ ಧ್ಯಾನದ ಅಭ್ಯಾಸ ಅವರ ಬದುಕಿನಲ್ಲಿ ಸೇರಿದವು. 1973ರಿಂದ 1977ರ ನಡುವೆ ಬರೆದ 'ಇನ್ನರ್ ಲೈಟ್' ಎಂಬ ಮೂರು ಕೃತಿಗಳ ಸರಣಿಯಲ್ಲಿ ವಾದ್ಯಗಳೊಂದಿಗೆ ಧ್ವನಿಮುದ್ರಿತ ಟೇಪನ್ನು ಬಳಸಿದ್ದು ಈ ಎರಡು ಆಸಕ್ತಿಗಳೂ ಒಂದೆಡೆ ಸೇರಿದ ಫಲ.

ಆ ಕಾಲದಲ್ಲಿಯೇ ರೂಪುಗೊಂಡ ಹಾರ್ವೆ ಅವರ ಸ್ವರಸಾಂಗತ್ಯದ ಪರಿಕಲ್ಪನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಪಾಶ್ಚಾತ್ಯ ಹಾರ್ಮನಿಯ ಕಟ್ಟಡ ಮೂರು ನೂರು ವರ್ಷಗಳಿಂದ ತಳದ ಸ್ವರದ ಮೇಲೆ ನಿಂತಿದೆ. ಕೆಳಗಿನ ಮಂದ್ರಸ್ವರ ಅಡಿಪಾಯ. ಉಳಿದವು ಅದರ ಮೇಲಿನ ಅಂತಸ್ತುಗಳು. ಮಂದ್ರ ಬದಲಾದರೆ ಇಡೀ ಕಟ್ಟಡದ ಅರ್ಥ ಬದಲಾಗುತ್ತದೆ. ಹಾರ್ವೆ ಈ ಆಧಾರವನ್ನು ತಳದಿಂದ ತೆಗೆದು ನಡುವೆ ಇರಿಸಿದರು. ಒಂದು ಮಧ್ಯಸ್ವರವನ್ನು ಅಕ್ಷವಾಗಿ ಆರಿಸಿಕೊಂಡು, ಅದರ ಮೇಲೆ ಎಷ್ಟು ದೂರದಲ್ಲಿ ಒಂದು ಸ್ವರವಿದೆಯೋ ಕೆಳಗೂ ಅಷ್ಟೇ ದೂರದಲ್ಲಿ ಇನ್ನೊಂದನ್ನು ಇರಿಸಿದರೆ, ಸ್ವರಗುಚ್ಛವು ನೆಲಕ್ಕೆ ಊರಿಕೊಳ್ಳುವುದನ್ನು ಬಿಟ್ಟು ತಕ್ಕಡಿಯ ದಂಡದಂತೆ ಸಮತೂಗಿ ತೇಲುತ್ತದೆ. ಭಾರವಿಲ್ಲದ ಈ ತೇಲುವಿಕೆಯನ್ನೇ ಅವರು ತಮ್ಮ ಧ್ಯಾನಾನುಭವಕ್ಕೆ ಸಮೀಪವಾದ ನಾದರೂಪವೆಂದು ಬಗೆದರು. ಭಾರತೀಯ ಕೇಳುಗನಿಗೆ ಇದು ಅಷ್ಟೇನೂ ಬೆರಗಿನ ಸಂಗತಿಯಲ್ಲ. ನಮ್ಮ ಗಾಯಕನ ಮಧ್ಯಷಡ್ಜ ಅವನ ಸಂಚಾರದ ತಳದಲ್ಲಿಲ್ಲ, ನಡುವಿನಲ್ಲಿದೆ. ಮಂದ್ರಕ್ಕೆ ಇಳಿದರೂ ತಾರಕ್ಕೆ ಏರಿದರೂ ನೆಲೆ ಅದೇ. ಆದರೆ ಹಾರ್ವೆ ಅಲ್ಲಿಗೆ ಬಂದದ್ದು ಷಡ್ಜದ ದಾರಿಯಿಂದಲ್ಲ, ಷೋನ್‌ಬರ್ಗರ ಬಳಿಕ ಆಧಾರವನ್ನೇ ಕಳೆದುಕೊಂಡಿದ್ದ ಸಂಗೀತಕ್ಕೆ ಹೊಸ ಕೇಂದ್ರವೊಂದನ್ನು ಅರಸುವ ದಾರಿಯಿಂದ. ಎರಡನ್ನೂ ಒಂದೆಂದು ಗಣಿಸುವುದು ಅವಸರದ ತೀರ್ಮಾನವಾದೀತು.

ಈ ಹುಡುಕಾಟಕ್ಕೆ ಸಾಧನಬಲ ದೊರೆತದ್ದು ಪ್ಯಾರಿಸ್ಸಿನಲ್ಲಿ. ಪಿಯರ್ ಬೂಲೇಜ್ ಅವರ ನೇತೃತ್ವದಲ್ಲಿ 1977ರಲ್ಲಿ ತೆರೆದ ಇರ್ಕಾಮ್ ಎಂಬ ಸಂಗೀತ-ಧ್ವನಿವಿಜ್ಞಾನ ಸಂಶೋಧನ ಕೇಂದ್ರವು ವಿಜ್ಞಾನಿಗಳನ್ನೂ ರಚನಕಾರರನ್ನೂ ಒಂದೇ ಸೂರಿನಡಿ ತಂದಿತ್ತು. ಬೂಲೇಜ್ ಅವರ ಆಹ್ವಾನದ ಮೇಲೆ ಅಲ್ಲಿಗೆ ಹೋದ ಹಾರ್ವೆ 1980ರಲ್ಲಿ ರಚಿಸಿದ 'ಮೊರ್ಟುವೋಸ್ ಪ್ಲಾಂಗೊ, ವಿವೋಸ್ ವೋಕೊ' ಅವರ ಹೆಸರನ್ನು ಜಗತ್ತಿಗೆ ಪರಿಚಯಿಸಿತು. ಸುಮಾರು ಒಂಬತ್ತು ನಿಮಿಷಗಳ, ಎಂಟು ಧ್ವನಿಪಥಗಳ ಈ ಟೇಪ್ ಕೃತಿಗೆ ವಾದಕರಿಲ್ಲ, ಗಾಯಕರಿಲ್ಲ. ಇರುವ ಸಾಮಗ್ರಿ ಎರಡೇ: ವಿಂಚೆಸ್ಟರ್ ಕ್ಯಾಥೆಡ್ರಲ್‌ನ ಅತಿ ದೊಡ್ಡ ಘಂಟೆಯ ನಾದ, ಅದೇ ಕ್ಯಾಥೆಡ್ರಲ್‌ನಲ್ಲಿ ಬಾಲಗಾಯಕನಾಗಿದ್ದ ರಚನಕಾರರ ಮಗನ ಕಂಠ. ಹಾರುವ ಗಳಿಗೆಗಳನ್ನು ಎಣಿಸುತ್ತ, ಅಗಲಿದವರಿಗಾಗಿ ಮರುಗುತ್ತ, ಇರುವವರನ್ನು ಪ್ರಾರ್ಥನೆಗೆ ಕರೆಯುವುದಾಗಿ ಘಂಟೆಯ ಮೇಲೆ ಲ್ಯಾಟಿನ್‌ನಲ್ಲಿ ಕೆತ್ತಲಾಗಿದೆ. ಕೃತಿಯ ಹೆಸರು ಅದರಿಂದಲೇ ಬಂದದ್ದು. ಬಾರಿಸುವ ವಸ್ತುವಿಗೂ ಎಣಿಸುವ ಕಾಲಕ್ಕೂ ಗಂಟೆ ಎಂಬ ಒಂದೇ ಪದವನ್ನು ಇರಿಸಿಕೊಂಡ ಕನ್ನಡಿಗರಿಗೆ ಆ ಕೆತ್ತನೆಯ ಭಾವ ಸುಲಭಗ್ರಾಹ್ಯ.

ಘಂಟೆಯನ್ನೇ ಆರಿಸಿಕೊಂಡದ್ದಕ್ಕೆ ಶಾಸ್ತ್ರೀಯ ಕಾರಣವಿದೆ. ಶ್ರುತಿಗೂಡಿದ ತಂಬೂರಿಯನ್ನು ಮೀಟಿದಾಗ ಯಾರೂ ಮೀಟದ ಅಂತರಗಾಂಧಾರವೊಂದು ತಾನಾಗಿ ಕೇಳಿಬರುವುದನ್ನು ಸ್ವಯಂಭೂ ಸ್ವರವೆಂದು ನಮ್ಮವರು ಗುರುತಿಸಿದ್ದಾರೆ. ಒಂದೇ ತಂತಿಯ ನಾದದಲ್ಲಿ ಮೂಲಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಕಂಪನಗಳುಳ್ಳ ಉಪಸ್ವರಗಳು ಅಡಗಿರುವುದೇ ಇದಕ್ಕೆ ಕಾರಣ, ಐದನೆಯದು ಗಾಂಧಾರ. ತಂತಿಯ ಉಪಸ್ವರಗಳು ಹೀಗೆ ಪೂರ್ಣಾಂಕಗಳ ಲೆಕ್ಕಕ್ಕೆ ಬಹುತೇಕ ಒಳಪಟ್ಟಿರುತ್ತವೆ. ಎರಕದ ಘಂಟೆ ಈ ಶಿಸ್ತನ್ನು ಪಾಲಿಸುವುದಿಲ್ಲ. ವಿಂಚೆಸ್ಟರ್ ಘಂಟೆಯಲ್ಲಿ ಸೆಕೆಂಡಿಗೆ ಸುಮಾರು 130 ಕಂಪನಗಳ ಒಂದು ಮಂದ್ರಸ್ವರ ಮೊಳಗುತ್ತಿರುವಾಗಲೇ, ಆ ಸ್ವರದ ಉಪಸ್ವರಶ್ರೇಣಿಗೆ ಸೇರದ, 347 ಕಂಪನಗಳ ಮತ್ತೊಂದು ಸ್ವರವೂ ಬಲವಾಗಿ ಕೇಳುತ್ತದೆ. ಒಂದೇ ಪೆಟ್ಟು, ಆದರೆ ಒಂದೇ ಕುಟುಂಬಕ್ಕೆ ಸೇರದ ಎರಡು ಸ್ವರ. ಹಾರ್ವೆ ಅವರನ್ನು ಸೆಳೆದದ್ದು ಈ ಸಾಮರಸ್ಯವಿಲ್ಲದ ಐಕ್ಯ.

ಗಣಕಯಂತ್ರದಿಂದ ಘಂಟಾನಾದವನ್ನು ವಿಶ್ಲೇಷಿಸಿ ಮೂವತ್ತಮೂರು ಉಪಸ್ವರಗಳನ್ನು ಅವರು ಕೃತಿಯ ಸ್ವರಭಂಡಾರವಾಗಿ ಇರಿಸಿಕೊಂಡರು. ಅವುಗಳಲ್ಲಿ ಮುಖ್ಯವಾದ ಎಂಟನ್ನು ಆರಿಸಿ, ಒಂದೊಂದರ ಮೇಲೆ ಒಂದೊಂದು ಖಂಡವನ್ನು ಕಟ್ಟಿದರು. ಹೀಗೆ ಇಡೀ ಕೃತಿ ಒಂದು ಘಂಟೆಯ ಹೊಡೆತವನ್ನು ಒಂಬತ್ತು ನಿಮಿಷಗಳಿಗೆ ಹಿಗ್ಗಿಸಿ ಬಿಡಿಸಿದಂತಾಯಿತು. ಬಾಲಕಂಠದ ಪಾತ್ರ ಇನ್ನೂ ಸೂಕ್ಷ್ಮವಾದದ್ದು. ಅ, ಇ, ಉ ಎಂಬ ಸ್ವರಾಕ್ಷರಗಳು ಒಂದರಿಂದ ಒಂದು ಬೇರೆಯಾಗಿ ಕೇಳುವುದು ಉಪಸ್ವರಗಳಲ್ಲಿ ಯಾವುದನ್ನು ಬಾಯಿಯ ಆಕಾರ ಎತ್ತಿಹಿಡಿಯುತ್ತದೆ, ಯಾವುದನ್ನು ತಗ್ಗಿಸುತ್ತದೆ ಎಂಬುದರಿಂದ. ಕಂಠವನ್ನು ಕೃತಕವಾಗಿ ರೂಪಿಸಬಲ್ಲ ಇರ್ಕಾಮ್‌ನ ಕ್ರಮವಿಧಿಯೊಂದರ ನೆರವಿನಿಂದ ಹಾರ್ವೆ ಅವರು ಹುಡುಗನ ಸ್ವರಾಕ್ಷರದ ಉಪಸ್ವರಗಳನ್ನು ಘಂಟೆಯ ಉಪಸ್ವರಗಳ ಕಡೆಗೆ ಸರಿಸಿದರು. ಘಂಟೆಯ ನಾದ ಮೆಲ್ಲಗೆ ಕಂಠವಾಗುವಂತೆ, ಕಂಠ ಲೋಹವಾಗುವಂತೆ ಮಾಡಿದರು. ಎಂಟು ಧ್ವನಿವರ್ಧಕಗಳ ನಡುವೆ ಕುಳಿತ ಶ್ರೋತೃ ಘಂಟೆಯ ಒಡಲೊಳಗೇ ಇದ್ದಂತೆ, ಹುಡುಗನ ದನಿ ಅವನ ಸುತ್ತ ಹಕ್ಕಿಯಂತೆ ಹಾರಾಡಿದಂತೆ ಕೃತಿಯ ವಿನ್ಯಾಸವಿದೆ. ಸತ್ತವರಿಗಾಗಿ ಮೊಳಗುವ ಲೋಹ, ಕೆಲವೇ ವರ್ಷಗಳಲ್ಲಿ ಒಡೆದು ಗಡುಸಾಗಲಿರುವ ಬಾಲಕಂಠ: ಇವೆರಡೂ ಪರಸ್ಪರ ಕರಗುವಲ್ಲಿ ಯಂತ್ರವಿದ್ಯೆ ಮರೆಯಾಗಿ ತಂದೆಯೊಬ್ಬನ ಆರ್ದ್ರತೆ ಕೇಳುತ್ತದೆ. ಯಂತ್ರಸಂಗೀತವು ಹೃದಯಹೀನವೆಂಬ ಆಕ್ಷೇಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಆ ದಶಕದಲ್ಲಿ ಬಂದಂತಿಲ್ಲ.

ವಿಂಚೆಸ್ಟರ್‌ನ ನಂಟು ಬೇರೆ ಬಗೆಯ ಫಲವನ್ನೂ ಕೊಟ್ಟಿತು. ಅಲ್ಲಿನ ಗಾಯಕವೃಂದದ ಸಾಮರ್ಥ್ಯವನ್ನು ಅರಿತು ಬರೆದ 'ಐ ಲವ್ ದ ಲಾರ್ಡ್' (1976), 'ಕಮ್, ಹೋಲಿ ಗೋಸ್ಟ್' (1984) ಮುಂತಾದ ಗೀತೆಗಳು ಇಂಗ್ಲಿಷ್ ಚರ್ಚುಗಳ ಹಾಡಿಕೆಯಲ್ಲಿ ನೆಲೆಯಾದವು. 1981ರ 'ಪ್ಯಾಷನ್ ಆ್ಯಂಡ್ ರೆಸರೆಕ್ಷನ್' ಎಂಬ ಚರ್ಚ್-ನಾಟಕವೂ ಅಲ್ಲಿಯದೇ. ಪ್ರಯೋಗಶೀಲ ರಚನಕಾರರು ಸಾಮಾನ್ಯವಾಗಿ ಇಂತಹ ಕೆಲಸವನ್ನು ಎರಡನೆಯ ದರ್ಜೆಯದೆಂದು ಭಾವಿಸುತ್ತಾರೆ. ಹಾರ್ವೆ ಅವರು ಹಾಗೆ ಭಾವಿಸಲಿಲ್ಲ.

ಇರ್ಕಾಮ್‌ನ ಎರಡನೆಯ ಫಲ 'ಭಕ್ತಿ' (1982). ಹದಿನೈದು ವಾದ್ಯಗಳು ಮತ್ತು ನಾಲ್ಕು ಪಥಗಳ ಟೇಪಿಗಾಗಿ ಬರೆದ, ಸುಮಾರು ಐವತ್ತು ನಿಮಿಷಗಳ ಈ ಕೃತಿಯಲ್ಲಿ ಹನ್ನೆರಡು ಭಾಗಗಳಿವೆ. ಪ್ರತಿಯೊಂದು ಭಾಗದ ಕೊನೆಯಲ್ಲಿ ಋಗ್ವೇದದಿಂದ ಆರಿಸಿದ ಒಂದು ಉಕ್ತಿಯನ್ನು ಸ್ವರಲಿಪಿಯಲ್ಲಿ ಬರೆಯಲಾಗಿದೆ. ಅವನ್ನು ಯಾರೂ ಹಾಡುವುದಿಲ್ಲ, ಪಠಿಸುವುದೂ ಇಲ್ಲ. ಫ್ರೆಂಚ್ ರಚನಕಾರ ದೆಬ್ಯುಸಿ ತಮ್ಮ ಪಿಯಾನೊ ಕೃತಿಗಳ ಶೀರ್ಷಿಕೆಗಳನ್ನು ಪುಟದ ಕೊನೆಗೆ ಇರಿಸಿದಂತೆ, ನಾದವನ್ನು ಅನುಭವಿಸಿದ ಮೇಲೆ ಮಾತು ಬರಲಿ ಎಂಬುದು ಇಲ್ಲಿನ ಆಶಯ. ಟೇಪಿನಲ್ಲಿರುವ ಧ್ವನಿಗಳೂ ಬಹುಪಾಲು ಅದೇ ವಾದ್ಯಗಳಿಂದ ಪಡೆದು ಗಣಕದಲ್ಲಿ ರೂಪಾಂತರಿಸಿದವು. ಆದ್ದರಿಂದ ವೇದಿಕೆಯ ಮೇಲಿನ ವಾದ್ಯ ಮತ್ತು ಧ್ವನಿವರ್ಧಕದಿಂದ ಬರುವ ಅದರ ಪ್ರತಿರೂಪಗಳ ನಡುವಿನ ಗೆರೆ ಆಗಾಗ ಅಳಿಸಿಹೋಗುತ್ತದೆ. ಕೃತಿಯ ಆರಂಭದಲ್ಲಿ ಒಂದೇ ಸ್ವರ ವಾದ್ಯದಿಂದ ವಾದ್ಯಕ್ಕೆ ಬಣ್ಣ ಬದಲಿಸುತ್ತ ನಿಲ್ಲುವುದು ಈ ಇಡೀ ವಿಧಾನಕ್ಕೆ ಪೀಠಿಕೆಯಂತಿದೆ.

ಕನ್ನಡದ ಓದುಗರಿಗೆ ಇಲ್ಲೊಂದು ತೊಡಕು ಕಾಣುವುದು ಸಹಜ. ಋಗ್ವೇದದ ಸೂಕ್ತಗಳಿಗೂ ಭಕ್ತಿಪಂಥಕ್ಕೂ ನಡುವೆ ಸಾವಿರಾರು ವರ್ಷಗಳ ಅಂತರವಿದೆ. ವಚನಕಾರರ ಭಕ್ತಿಯಂತೂ ವೇದಪ್ರಾಮಾಣ್ಯವನ್ನು ಪ್ರಶ್ನಿಸಿ ಬೆಳೆದದ್ದು. ಹಾರ್ವೆ ಈ ಚಾರಿತ್ರಿಕ ಭೇದವನ್ನು ಗಮನಕ್ಕೆ ತೆಗೆದುಕೊಂಡಂತೆ ತೋರುವುದಿಲ್ಲ. ಭಕ್ತಿ ಎಂಬುದನ್ನು ಸಮರ್ಪಣಭಾವ ಎಂಬ ಸಾಮಾನ್ಯಾರ್ಥದಲ್ಲಿ ಬಳಸಿದ್ದಾರೆ. ಆದರೆ ಅವರ ಪರವಾಗಿ ಹೇಳಬೇಕಾದ ಮಾತೂ ಇದೆ. 1960–70ರ ದಶಕಗಳಲ್ಲಿ ಸಿತಾರಿನ ಝೇಂಕಾರವನ್ನು ಸೇರಿಸಿ ಕೃತಿಗೆ ಪೂರ್ವದ ಪರಿಮಳ ಕೊಡುವ ರೂಢಿ ಪಶ್ಚಿಮದಲ್ಲಿ ಹಬ್ಬಿತ್ತು. 'ಭಕ್ತಿ'ಯಲ್ಲಿ ಅಂತಹ ಅಲಂಕಾರವಿಲ್ಲ. ಭಾರತದಿಂದ ಅವರು ಪಡೆದದ್ದು ಒಂದು ಅನೇಕವಾಗುವ, ಅನೇಕ ಒಂದರಲ್ಲಿ ಅಡಗುವ ತತ್ತ್ವವನ್ನು. ಮುಂದೆ ಚೆಲ್ಲೊ ಮತ್ತು ವಿದ್ಯುನ್ಮಾನಕ್ಕಾಗಿ ಬರೆದ ಕೃತಿಯೊಂದಕ್ಕೆ 'ಅದ್ವಯ' (1994) ಎಂದೇ ಹೆಸರಿಟ್ಟರು. 'ರಿಚುಅಲ್ ಮೆಲೊಡೀಸ್' (1990) ಎಂಬ ಟೇಪ್ ಕೃತಿಯಲ್ಲಿ ಮಾತ್ರ ಶಹನಾಯಿ ಜಾತಿಯ ಭಾರತೀಯ ವಾದ್ಯದ ಧ್ವನಿ ಜಪಾನಿನ ಶಕುಹಾಚಿ, ಟಿಬೆಟ್ಟಿನ ಮಂತ್ರಪಠನ ಮುಂತಾದವುಗಳೊಡನೆ ಗಣಕದಲ್ಲಿ ಹುಟ್ಟಿ ಒಂದು ಇನ್ನೊಂದಾಗಿ ಮಾರ್ಪಡುತ್ತದೆ.

ಸಾಹಿತ್ಯದ ಮೂಲಕ ಭಾರತವನ್ನು ನೇರವಾಗಿ ಹಾಡಿಸಿದ್ದು 'ಸಾಂಗ್ ಆಫರಿಂಗ್ಸ್' (1985). ಸೊಪ್ರಾನೊ ಮತ್ತು ಕಿರಿಯ ವಾದ್ಯವೃಂದಕ್ಕಾಗಿ ಬರೆದ ಈ ನಾಲ್ಕು ಹಾಡುಗಳ ಪಠ್ಯ ರವೀಂದ್ರನಾಥ ಠಾಕೂರರ ಇಂಗ್ಲಿಷ್ ಗೀತಾಂಜಲಿಯದು. ಬಂಗಾಳಿಯಿಂದ ಇಂಗ್ಲಿಷಿಗೆ ತಂದವರು ಕವಿಯೇ ಆಗಿದ್ದುದರಿಂದ ಅಲ್ಲಿ ಅನುವಾದದ ಪ್ರಶ್ನೆ ಅಷ್ಟು ತೀವ್ರವಾಗಿ ಏಳುವುದಿಲ್ಲ. ಹದಿನಾಲ್ಕು ವರ್ಷಗಳ ತರುವಾಯ ಬಂದ 'ವೈಟ್ ಆ್ಯಸ್ ಜಾಸ್ಮಿನ್' ಕೃತಿಯಲ್ಲಿ ಆ ಪ್ರಶ್ನೆಯೇ ಮುಖ್ಯವಾಗುತ್ತದೆ.

ಅಕ್ಕನ ವಚನಗಳು ಹಾರ್ವೆ ಅವರಿಗೆ ದೊರೆತದ್ದು ಮೈಸೂರಿನಲ್ಲಿ ಹುಟ್ಟಿ ಷಿಕಾಗೊದಲ್ಲಿ ನೆಲೆಸಿದ್ದ ಎ. ಕೆ. ರಾಮಾನುಜನ್ (1929–1993) ಅವರ ಇಂಗ್ಲಿಷ್ ಅನುವಾದದಲ್ಲಿ. ಬಸವಣ್ಣ, ದೇವರ ದಾಸಿಮಯ್ಯ, ಮಹಾದೇವಿಯಕ್ಕ ಮತ್ತು ಅಲ್ಲಮಪ್ರಭುಗಳ ಆಯ್ದ ವಚನಗಳುಳ್ಳ 'ಸ್ಪೀಕಿಂಗ್ ಆಫ್ ಶಿವ' 1973ರಲ್ಲಿ ಪೆಂಗ್ವಿನ್ ಪ್ರಕಾಶನದಿಂದ ಹೊರಬಂದಿತು. ಕನ್ನಡವನ್ನರಿಯದ ಜಗತ್ತು ವಚನಗಳನ್ನು ಓದಿದ್ದು ಬಹುಮಟ್ಟಿಗೆ ಈ ಕಿರುಪುಸ್ತಕದ ಮೂಲಕ. ವಚನಾಂಕಿತವನ್ನು ಹೆಸರಾಗಿ ಉಳಿಸದೆ ಅರ್ಥವಾಗಿ ಬಿಡಿಸುವುದು ರಾಮಾನುಜನ್ ಅವರ ಕ್ರಮ. ಕೂಡಲಸಂಗಮದೇವ ಅಲ್ಲಿ ಕೂಡುವ ಹೊಳೆಗಳ ಒಡೆಯನಾಗುತ್ತಾನೆ; ಚೆನ್ನಮಲ್ಲಿಕಾರ್ಜುನ ಮಲ್ಲಿಗೆಯಂತೆ ಬಿಳುಪಾದ ಒಡೆಯನಾಗುತ್ತಾನೆ. ಮಲ್ಲಿಕಾ ಎಂದರೆ ಮಲ್ಲಿಗೆ, ಅರ್ಜುನ ಎಂದರೆ ಬಿಳಿಯ ಬಣ್ಣದವನು ಎಂಬ ಬಿಡಿಸಿಕೆಗೆ ನಿಘಂಟಿನ ಬೆಂಬಲವಿದೆ. ಆದರೆ ಮಲ್ಲಿಕಾರ್ಜುನನೆಂಬುದು ಶ್ರೀಶೈಲದ ದೇವರ ಹೆಸರು. ಅಕ್ಕ ಹಂಬಲಿಸಿ ನಡೆದುಹೋದ ಬೆಟ್ಟದ ಹೆಸರು ಅದರೊಂದಿಗೆ ಸೇರಿಕೊಂಡಿದೆ. ಚೆನ್ನ ಎಂಬ ಅಚ್ಚಗನ್ನಡದ ವಿಶೇಷಣವಂತೂ ಚೆಲುವನೆಂಬ ಸಲುಗೆಯ ಕರೆ. ಇಂಗ್ಲಿಷಿನಲ್ಲಿ ಬೆಟ್ಟವೂ ಸಲುಗೆಯೂ ಹಿಂದೆ ಸರಿದು ಬಣ್ಣವೊಂದು ಬೆಳಗುತ್ತದೆ. ಹಾರ್ವೆ ಅವರು ತಮ್ಮ ಕೃತಿಗೆ ಶೀರ್ಷಿಕೆಯಾಗಿ ಆರಿಸಿಕೊಂಡದ್ದು ಆ ಬೆಳಕನ್ನೇ. 'ಇನ್ನರ್ ಲೈಟ್' ಬರೆದ ರಚನಕಾರರ ಕಣ್ಣು ಅದರ ಮೇಲೆ ಬಿದ್ದದ್ದು ಆಕಸ್ಮಿಕವಲ್ಲ.

ಕಳೆದುಹೋದದ್ದು ಅರ್ಥಕ್ಕಿಂತ ಹೆಚ್ಚಾಗಿ ಧ್ವನಿ. ವಚನದ ಕೊನೆಯಲ್ಲಿ ಅಂಕಿತವು ಸಂಬೋಧನೆಯಾಗಿ ಬರುವಾಗ ಕನ್ನಡದಲ್ಲಿ ಅದು ದೀರ್ಘಸ್ವರದಲ್ಲಿ ತೆರೆದುಕೊಂಡು ನಿಲ್ಲುತ್ತದೆ. ಮಲ್ಲಿಕಾರ್ಜುನ ಮನ್ಸೂರರಂತಹ ಗಾಯಕರು ವಚನವನ್ನು ಹಾಡುವಾಗ ಆ ತೆರೆದ ಆಕಾರದಲ್ಲಿಯೇ ರಾಗ ಬಿಚ್ಚಿಕೊಳ್ಳುತ್ತಿತ್ತು. ಇಂಗ್ಲಿಷ್ ಸಮಾನಪದ ಅನುನಾಸಿಕ ವ್ಯಂಜನದಲ್ಲಿ ಮುಚ್ಚಿಕೊಳ್ಳುತ್ತದೆ. ಸ್ವರಾಕ್ಷರವೊಂದನ್ನು ಘಂಟೆಯಾಗಿಸಬಲ್ಲ, ಘಂಟೆಯನ್ನು ಸ್ವರಾಕ್ಷರವಾಗಿಸಬಲ್ಲ ರಚನಕಾರರಿಗೆ ಇದು ಸಣ್ಣ ನಷ್ಟವಲ್ಲ. ಅಕ್ಕನ ಭಾವ ಅವರಿಗೆ ತಲುಪಿತು. ಅವಳ ಬಾಯಿಯ ಆಕಾರ ತಲುಪಲಿಲ್ಲ. ಹಾಗೆಂದು ಕೃತಿಯನ್ನು ಕಡೆಗಣಿಸುವುದು ಅನ್ಯಾಯ. ಪ್ರಣಯದ ಭಾಷೆಯಲ್ಲಿಯೇ ಪರವನ್ನು ಕರೆಯುವ, ಮೈಮನಗಳ ಭೇದವನ್ನು ಒಪ್ಪದ ಈ ಸಾಹಿತ್ಯವು 1982ರ 'ಭಕ್ತಿ'ಗೆ ಶೀರ್ಷಿಕೆಯಲ್ಲಿ ಮಾತ್ರ ಇದ್ದ ಅನುಭವವನ್ನು ಹಾರ್ವೆ ಅವರಿಗೆ ಹೆಣ್ಣಿನ ದನಿಯಲ್ಲಿ ಒದಗಿಸಿತು. ಫಿನ್ಲೆಂಡಿನ ಗಾಯಕಿ ಅನು ಕೊಮ್ಸಿ ಅವರು ಬಿಬಿಸಿ ಸ್ಕಾಟಿಷ್ ಸಿಂಫನಿ ಆರ್ಕೆಸ್ಟ್ರಾದೊಡನೆ ಹಾಡಿದ ಧ್ವನಿಮುದ್ರಣದಿಂದ ಕೃತಿಯ ಪರಿಚಯ ಮಾಡಿಕೊಳ್ಳಬಹುದು. ಆ ಮುದ್ರಿಕೆಗೆ 2008ರ ಗ್ರಾಮೊಫೋನ್ ಪ್ರಶಸ್ತಿ ಸಂದಿತು.

1977ರಿಂದ 1993ರವರೆಗೆ ಸಸೆಕ್ಸ್ ವಿಶ್ವವಿದ್ಯಾಲಯ, 1995ರಿಂದ 2000ದವರೆಗೆ ಅಮೆರಿಕದ ಸ್ಟ್ಯಾನ್‌ಫರ್ಡ್: ಅಧ್ಯಾಪನ ಹೀಗೆ ಮುಂದುವರಿಯಿತು. 1977ರಿಂದ 2003ರವರೆಗಿನ ನಾಲ್ಕು ಸ್ಟ್ರಿಂಗ್ ಕ್ವಾರ್ಟೆಟ್‌ಗಳು, 1986ರ 'ಮಡೋನಾ ಆಫ್ ವಿಂಟರ್ ಆ್ಯಂಡ್ ಸ್ಪ್ರಿಂಗ್', 1993ರಲ್ಲಿ ಲಂಡನ್ನಿನಲ್ಲಿ ರಂಗಕ್ಕೇರಿದ 'ಇನ್‌ಕ್ವೆಸ್ಟ್ ಆಫ್ ಲವ್' ಎಂಬ ಆಪೆರಾ, ಕ್ಯಾಲಿಫೋರ್ನಿಯಾದ ಹಕ್ಕಿಗಳ ಕೂಗನ್ನು ಪಿಯಾನೊದೊಡನೆ ಹೆಣೆದ 2001ರ 'ಬರ್ಡ್ ಕನ್ಚೆರ್ಟೊ' ಈ ವರ್ಷಗಳ ಮುಖ್ಯ ಕೃತಿಗಳು. ಆಪೆರಾದ ಹೊರತು ಉಳಿದವೆಲ್ಲ ಇಂದಿಗೂ ಆಸಕ್ತಿಯಿಂದ ಕೇಳುವಂಥವು.

ಉತ್ತರ ವಯಸ್ಸಿನಲ್ಲಿ ಹಾರ್ವೆ ಅವರ ಒಲವು ಬೌದ್ಧಧರ್ಮದ, ವಿಶೇಷವಾಗಿ ಟಿಬೆಟ್ ಪರಂಪರೆಯ ಕಡೆಗೆ ತಿರುಗಿತು. 2005ರಿಂದ ಬಿಬಿಸಿ ಸ್ಕಾಟಿಷ್ ಸಿಂಫನಿ ಆರ್ಕೆಸ್ಟ್ರಾಕ್ಕಾಗಿ ಬರೆದ ಮೂರು ಕೃತಿಗಳು ಮನಸ್ಸು, ಕಾಯ, ವಾಕ್ಕುಗಳ ಶುದ್ಧಿಯನ್ನು ವಸ್ತುವಾಗಿ ಉಳ್ಳವು. ಯೌವನದಲ್ಲಿ ತಾವು ಚೆಲ್ಲೊ ನುಡಿಸಿದ್ದ ವಾದ್ಯವೃಂದಕ್ಕೇ ಇವನ್ನು ಬರೆದರು. 'ಬಾಡಿ ಮಂಡಲ' (2006) ಉತ್ತರ ಭಾರತದ ಟಿಬೆಟನ್ ವಿಹಾರಗಳಲ್ಲಿ ಅವರು ಕಂಡ ಶುದ್ಧೀಕರಣ ವಿಧಿಗಳಿಂದ ಪ್ರೇರಿತವಾದದ್ದು. ನೆಲದಾಳದಿಂದ ಬಂದಂತಿರುವ ಉದ್ದಕಹಳೆಗಳ ಮೊಳಗನ್ನು ಅದು ನೆನಪಿಸುತ್ತದೆ. 2008ರ ಆಗಸ್ಟ್‌ನಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ಇಲಾನ್ ವೋಲ್ಕೊವ್ ಅವರ ನಿರ್ದೇಶನದಲ್ಲಿ ಮೊದಲು ಕೇಳಿಸಿದ 'ಸ್ಪೀಕಿಂಗ್ಸ್' ಈ ಮೂರರಲ್ಲಿ ಶಿಖರಪ್ರಾಯವಾದದ್ದು. ಇಲ್ಲಿ ಆರ್ಕೆಸ್ಟ್ರಾ ಮಾತು ಕಲಿಯುತ್ತದೆ. ಮಾತಿನ ಧ್ವನಿಮುದ್ರಣಗಳಿಂದ ಸ್ವರಾಕ್ಷರಗಳ ಆಕಾರಗಳನ್ನು ಬೇರ್ಪಡಿಸಿ, ಅವನ್ನು ವಾದ್ಯಗಳ ನಾದದ ಮೇಲೆ ಪ್ರದರ್ಶನ ನಡೆಯುತ್ತಿರುವಾಗಲೇ ಗಣಕದ ಮೂಲಕ ಹೊದಿಸುವ ವ್ಯವಸ್ಥೆಯನ್ನು ಇರ್ಕಾಮ್ ರೂಪಿಸಿಕೊಟ್ಟಿತು. ಮೊದಲ ಭಾಗದಲ್ಲಿ ಶಿಶುವಿನ ಅಳು, ತೊದಲು. ನಡುವೆ ವಯಸ್ಕರ ಲೋಕದ ಬಿಡುವಿಲ್ಲದ ಗದ್ದಲ. ಕೊನೆಯಲ್ಲಿ ಎಲ್ಲ ಮಾತಿನ ಗರ್ಭವೆಂದು ಬೌದ್ಧರು ಹೇಳುವ ಓಂ-ಆಃ-ಹೂಂ ಎಂಬ ಮಂತ್ರದ ನೆಲೆ. ಮೂಲತಃ 1980ರಲ್ಲಿ ಒಬ್ಬ ಹುಡುಗನ ಕಂಠಕ್ಕೂ ಒಂದು ಘಂಟೆಗೂ ನಡುವೆ ಕಟ್ಟಿದ ಸೇತುವೆಯೇ ಇದು. ಈಗ ಅದನ್ನು ದಾಟುವುದು ಇಡೀ ವಾದ್ಯವೃಂದ. 2009ರಲ್ಲಿ ಈ ಕೃತಿಗೆ ಮೊನಾಕೊದ ಪ್ರಿನ್ಸ್ ಪಿಯರ್ ಪ್ರಶಸ್ತಿ ಬಂದಿತು.

ಬೌದ್ಧ ಆಸಕ್ತಿಯ ಮತ್ತೊಂದು ಫಲ 'ವಾಗ್ನರ್ ಡ್ರೀಮ್' (2007). ಜರ್ಮನ್ ರಚನಕಾರ ರಿಚರ್ಡ್ ವಾಗ್ನರ್ 1856ರಲ್ಲಿ ಬುದ್ಧಶಿಷ್ಯ ಆನಂದ ಮತ್ತು ಅವನನ್ನು ಪ್ರೀತಿಸಿದ ಚಂಡಾಲಕನ್ಯೆ ಪ್ರಕೃತಿಯ ಕಥೆಯನ್ನು ಆಪೆರಾವಾಗಿಸಲು ಕರಡು ಮಾಡಿದ್ದರು. ಅದು ಎಂದೂ ಪೂರ್ಣವಾಗಲಿಲ್ಲ. ಇದೇ ಕಥೆಯನ್ನು ಠಾಕೂರರು 1933ರಲ್ಲಿ 'ಚಂಡಾಲಿಕಾ' ಆಗಿಸಿದರು. ಹಾರ್ವೆ ಮತ್ತು ನಾಟಕಕಾರ ಜೀನ್-ಕ್ಲಾಡ್ ಕ್ಯಾರಿಯೇರ್ ಅವರು ವಾಗ್ನರರ ಕೊನೆಯ ದಿನವಾದ 1883ರ ಫೆಬ್ರವರಿ 13ನ್ನು ಆರಿಸಿಕೊಂಡು, ವೆನಿಸ್ಸಿನಲ್ಲಿ ಪ್ರಾಣ ಬಿಡುವ ಗಳಿಗೆಯಲ್ಲಿ ಆ ಬರೆಯದ ಆಪೆರಾ ಅವರ ಕಣ್ಣೆದುರು ನಡೆಯುವಂತೆ ಮಾಡಿದರು. ವಾಗ್ನರ್ ಮತ್ತು ಅವರ ಸುತ್ತಲಿನವರು ಇಲ್ಲಿ ಹಾಡುವುದಿಲ್ಲ, ಬರಿದೇ ಮಾತನಾಡುತ್ತಾರೆ. ಹಾಡುವುದು ಭಾರತದ ಪಾತ್ರಗಳಿಗೆ ಮಾತ್ರ ಮೀಸಲು. ಯುರೋಪಿನ ಅತ್ಯಂತ ಮಹತ್ವಾಕಾಂಕ್ಷೆಯ ಆಪೆರಾಕಾರನಿಗೆ ಆಪೆರಾದಲ್ಲೇ ಹಾಡು ನಿರಾಕರಿಸಿದ ಈ ಯೋಜನೆಯ ಧೈರ್ಯ ಮೆಚ್ಚತಕ್ಕದ್ದು.

ಬರ್ಲಿನ್ ಫಿಲ್‌ಹಾರ್ಮೊನಿಕ್‌ಗಾಗಿ ಬರೆದ 'ವೆಲ್ಟ್‌ಎಥೋಸ್' ಹಾರ್ವೆ ಅವರ ಕೊನೆಯ ಬೃಹತ್ ಕೃತಿ. ದೇವಶಾಸ್ತ್ರಜ್ಞ ಹ್ಯಾನ್ಸ್ ಕ್ಯೂಂಗ್ ಅವರ ಪಠ್ಯವುಳ್ಳ, ಆರು ಧರ್ಮಪರಂಪರೆಗಳಿಗೆ ಒಂದೊಂದು ಭಾಗವನ್ನು ಮೀಸಲಿಟ್ಟ ಈ ಕೃತಿಯನ್ನು 2011ರ ಅಕ್ಟೋಬರ್‌ನಲ್ಲಿ ಸೈಮನ್ ರ‍್ಯಾಟಲ್ ಅವರ ನಿರ್ದೇಶನದಲ್ಲಿ ಪ್ರದರ್ಶಿಸಲಾಯಿತು. ಆಶಯ ಉದಾತ್ತವಾದರೂ ಕ್ಯೂಂಗರ ಗದ್ಯದಲ್ಲಿ ಬೋಧನೆಯ ಧಾಟಿಯೇ ಹೆಚ್ಚು. ಅಕ್ಕನ ಒಂದು ವಚನದಲ್ಲಿರುವ ಉರಿ ಆರು ಧರ್ಮಗಳ ಈ ಸಾರಾಂಶದಲ್ಲಿಲ್ಲ. ಸಂಗೀತವು ಪಠ್ಯವನ್ನು ಅನೇಕ ಕಡೆ ಹೊತ್ತು ಸಾಗಬೇಕಾಗಿದೆ.

ಅಷ್ಟರಲ್ಲಿ ನರಗಳನ್ನು ಕ್ರಮೇಣ ಕುಗ್ಗಿಸಿ ಸ್ನಾಯುಗಳನ್ನು ನಿಶ್ಚಲಗೊಳಿಸುವ ಮೋಟಾರ್ ನ್ಯೂರಾನ್ ಕಾಯಿಲೆ ಅವರನ್ನು ಆವರಿಸಿತ್ತು. 2012ರ ಡಿಸೆಂಬರ್ 4ರಂದು ಸಸೆಕ್ಸಿನ ಲೂಯಿಸ್‌ನಲ್ಲಿ, ತಮ್ಮ ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಜೊನಾಥನ್ ಹಾರ್ವೆ ನಿಧನರಾದರು. ಆರು ತಿಂಗಳ ನಂತರ, 2013ರ ಜೂನ್‌ನಲ್ಲಿ ವೆಲ್ಷ್ ನ್ಯಾಷನಲ್ ಆಪೆರಾ ಸಂಸ್ಥೆಯು 'ವಾಗ್ನರ್ ಡ್ರೀಮ್' ಆಪೆರಾವನ್ನು ಬ್ರಿಟನ್ನಿನಲ್ಲಿ ಮೊದಲ ಬಾರಿಗೆ ರಂಗಕ್ಕೆ ತಂದಿತು. ಮೂಲದಲ್ಲಿ ಇಡೀ ಪಠ್ಯ ಇಂಗ್ಲಿಷಿನಲ್ಲಿತ್ತು. ಕಾರ್ಡಿಫ್‌ನ ಆ ಪ್ರದರ್ಶನದಲ್ಲಿ ವಾಗ್ನರರ ಮನೆಯವರು ಜರ್ಮನ್ ಮಾತನಾಡಿದರು. ಪ್ರಕೃತಿ, ಆನಂದ ಮತ್ತು ಬುದ್ಧ ಪಾಲಿ ಭಾಷೆಯಲ್ಲಿ ಹಾಡಿದರು.